ಆರನೆಯ ದಿನ ಬೆಳಿಗ್ಗೆ ಬಂದ ಕರೆ

ನನ್ನ ಅಕ್ಕನ ಗದ್ದದ ಮೇಲೆ ಒಂದು ಸುಟ್ಟ ಕಲೆಯಿದೆ. ಅದು ಅಲ್ಲಿ ಉಳಿದದ್ದು ನನ್ನಿಂದ. ಅದನ್ನು ತಡೆಯಬಹುದಾಗಿದ್ದ ಮಾತು ಒಂದು ಬೆಳಿಗ್ಗೆ ನನ್ನ ಕಿವಿಗೆ ಬಿದ್ದಿತ್ತು — ಸ್ಪಷ್ಟವಾಗಿ, ಎರಡು ಸಲ. ನಾನು ಅದನ್ನು ಅವಳಿಗೆ ಮುಟ್ಟಿಸಲಿಲ್ಲ. ಮುಟ್ಟಿಸದೆ ಸುಮ್ಮನಿದ್ದಿದ್ದರೂ ಅಷ್ಟು ಕೆಡುತ್ತಿರಲಿಲ್ಲವೇನೋ. ನಾನು ಅದಕ್ಕೆ ವಿರುದ್ಧವಾದ ಮಾತನ್ನು ಹೇಳಿದೆ. ಇಷ್ಟು ವರ್ಷ ಆ ಕಲೆಗಾಗಿ ಅವಳು ಬೇರೆಯವರನ್ನು ದೂರಿದ್ದಾಳೆ. ನಾನು ಪಕ್ಕದಲ್ಲಿ ಕೂತು ತಲೆಯಾಡಿಸಿದ್ದೇನೆ.

ಅಕ್ಕ ಎಂದೆ. ಆಗ ಮನೆಯವರಿಗೆಲ್ಲ ಅವಳು ಪ್ರಮೋದ, ಹಿರಿಯ ಮಗ, ಗಚ್ಚಿಬೌಲಿಯ ಕಂಪನಿಯಲ್ಲಿ ಕೆಲಸ ಮಾಡುವ ಹುಡುಗ. ಅವಳ ಹೆಸರು ಶಾಲಿನಿ ಎಂದು ತಿಳಿದಿದ್ದದ್ದು ಎರಡೇ ಜನಕ್ಕೆ. ಒಬ್ಬಳು ನಾನು. ಇನ್ನೊಬ್ಬಳು ಮಾದಾಪುರದ ಒಂದು ಚರ್ಮದ ಕ್ಲಿನಿಕ್ಕಿನಲ್ಲಿ ಲೇಸರ್ ಮಾಡುತ್ತಿದ್ದ ನಸ್ರೀನ್ ಎಂಬ ಹುಡುಗಿ. ರಸ್ತೆಯ ನಡುವೆ ಮೆಟ್ರೋದ ಕಂಬಗಳು ಮಾತ್ರ ಎದ್ದು ನಿಂತಿದ್ದ ವರ್ಷಗಳು ಅವು. ಅಕ್ಕ ಆಫೀಸು ಮುಗಿಸಿ, ಕಂಪನಿಯ ಕ್ಯಾಬು ಬಿಟ್ಟು, ಆ ಧೂಳಿನಲ್ಲಿ ನಡೆದು ಕ್ಲಿನಿಕ್ಕಿಗೆ ಹೋಗುತ್ತಿದ್ದಳು. ಬಾಗಿಲಲ್ಲಿ ನಸ್ರೀನ್ "ಆವೋ ಶಾಲಿನಿ ಆಪಾ" ಎನ್ನುತ್ತಿದ್ದಳಂತೆ, ಬನ್ನಿ ಅಕ್ಕಾ ಎಂದು. "ಆ ಒಂದ್ ಮಾತಿಗೆ ಅರ್ಧ ಉರಿ ಕಮ್ಮಿ ಆಗ್ತೈತಿ ಸುಧೀ" ಎಂದು ಅಕ್ಕ ನಗುತ್ತಿದ್ದಳು.

ಗಡ್ಡದ ಕೂದಲು ಒಂದೇ ಸಲಕ್ಕೆ ಹೋಗುವುದಿಲ್ಲ. ಲೇಸರಿನ ಬೆಳಕು ಬೆಳೆಯುತ್ತಿರುವ ಬೇರನ್ನು ಮಾತ್ರ ಸುಡುತ್ತದೆ. ಮಲಗಿರುವ ಬೇರುಗಳು ಏಳುವವರೆಗೆ ಕಾಯಬೇಕು, ಮತ್ತೆ ಹೋಗಬೇಕು. ನಡುವೆ ಕೂದಲನ್ನು ಕೀಳುವಂತಿಲ್ಲ. ಬಿಸಿಲಿಗೆ ಮುಖ ಒಡ್ಡುವಂತಿಲ್ಲ. ಏನನ್ನೂ ಹಚ್ಚಿ ಉಜ್ಜುವಂತಿಲ್ಲ. ಈ ದಿನಗಳ ಲೆಕ್ಕ ಇಡುತ್ತಿದ್ದವಳು ನಾನು. ನನಗೆ ಚಿಕ್ಕಂದಿನಿಂದಲೂ ಎಲ್ಲದಕ್ಕೂ ತಾರೀಖು ಹಾಕಿ ಬರೆದಿಡುವ ಚಾಳಿ. ಕೆಲಸವೂ ಅದೇ, ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ ಪಟ್ಟಿ ಮಾಡುವುದು. ಆದ್ದರಿಂದ ತಿಳಿಯದೆ ಮಾಡಿದೆ ಎಂದು ನಾನು ಹೇಳಿಕೊಳ್ಳುವಂತಿಲ್ಲ. ಆ ಚರ್ಮ ಯಾವ ದಿನ ಎಷ್ಟು ಹಸಿಯಾಗಿತ್ತು ಎಂಬುದು ಅವಳಿಗಿಂತ ಚೆನ್ನಾಗಿ ನನಗೆ ಗೊತ್ತಿತ್ತು.

ಅಪ್ಪ ತೀರಿಕೊಂಡದ್ದು ಅಕ್ಕನ ಕೊನೆಯ ಲೇಸರಾದ ನಾಲ್ಕನೆಯ ದಿನ. ಲಿಂಗಂಪಲ್ಲಿ ಸ್ಟೇಷನ್ನಿನಲ್ಲಿ ರೈಲು ಇಳಿದು ಮನೆಗೆ ಬರುತ್ತ ದಾರಿಯಲ್ಲೇ ಕುಸಿದರು. ಸಿಂಧನೂರಿನಿಂದ ಕಾಕಾ, ಅತ್ತಿ, ಅವರ ಮನೆಯವರೆಲ್ಲ ಬಂದರು. ಬೆಂಕಿ ಕೊಟ್ಟವಳು ಅಕ್ಕ — ಹಿರಿಯ ಮಗನೆಂದು.

ನಮ್ಮ ಮನೆತನದಲ್ಲಿ ಸೂತಕದ ಹತ್ತು ದಿನ ಗಂಡಸರ ಮುಖಕ್ಕೆ ಕತ್ತಿ ಮುಟ್ಟಬಾರದು. ಹತ್ತನೆಯ ದಿನ ಕರ್ಮದ ಕಟ್ಟೆಯ ಮೇಲೆ ಕೂತು ತಲೆ, ಗಡ್ಡ, ಮೀಸೆ ಎಲ್ಲ ತೆಗೆಸಬೇಕು. ಸತ್ತವರಿಗಾಗಿ ಬೆಳೆದ ಕೂದಲು ಅದು. ಅಪ್ಪನ ಅಗಲಿಕೆಯ ಮೊದಲ ಎರಡು ದಿನ ಇದು ನಮಗಿಬ್ಬರಿಗೂ ಹೊಳೆಯಲೇ ಇಲ್ಲ. ಮೂರನೆಯ ದಿನ ಕಾಕಾನ ಗಲ್ಲ ಕಪ್ಪಾಗಿತ್ತು, ಅವರ ಮಕ್ಕಳ ಗಲ್ಲ ಕಪ್ಪಾಗಿತ್ತು, ಸಂತಾಪಕ್ಕೆ ಬಂದ ದೂರದ ನೆಂಟರದೂ ಕಪ್ಪಾಗಿತ್ತು. ನಡುವೆ ಚಾಪೆಯ ಮೇಲೆ ಒಂಟಿ ಪಂಚೆಯಲ್ಲಿ ಕೂತ ಅಕ್ಕನ ಮುಖ ಮಾತ್ರ ನಯವಾಗಿತ್ತು.

ಮೊದಲು ಕಂಡದ್ದು ಅಪ್ಪನ ಅಕ್ಕನಿಗೆ, ನಮ್ಮ ಅತ್ತಿಯ ಕಣ್ಣಿಗೆ. ಸೂತಕದ ಮನೆಯಲ್ಲೂ ಅವರ ನಾಲಿಗೆ ಸುಮ್ಮನಿರುತ್ತಿರಲಿಲ್ಲ.

"ಏನಲೇ ಪ್ರಮ್ಯಾ, ನಿನ್ನ ಗಲ್ಲ ನನ್ನ ಗಲ್ಲಕ್ಕಿಂತ ನುಣುಪು ಐತಲ್ಲೋ! ನಂಗ ನೋಡು, ಗದ್ದದಾಗ ನಾಕ್ ಕೂದಲರ ಅದಾವು."

ಎಲ್ಲರೂ ನಕ್ಕರು. ಅವ್ವ ಕೂಡ, ಮೂರು ದಿನದಲ್ಲಿ ಮೊದಲ ಸಲ. ಕಾಕಾ ಮಾತ್ರ ನಗಲಿಲ್ಲ. ಅವರು ಅಕ್ಕನ ಮುಖವನ್ನು ನೋಡುತ್ತಲೇ ಇದ್ದರು.

ಆ ಮಧ್ಯಾಹ್ನ ಅಕ್ಕ ನನ್ನನ್ನು ಮಾಳಿಗೆಗೆ ಕರೆದಳು. ಒಣಹಾಕಿದ ಬಟ್ಟೆಗಳ ನಡುವೆ ನಿಂತು ಹೇಳಿದಳು:

"ಇವತ್ತ ಹೇಳಿಬಿಡ್ತೀನಿ ಸುಧೀ. ಎಲ್ಲಾರೂ ಇಲ್ಲೇ ಅದಾರ. ಬೈತಾರ, ಅಳ್ತಾರ, ಏನರ ಮಾಡ್ಲಿ. ಅಪ್ಪಗಂತೂ ಹೇಳಾಕಾಗ್ಲಿಲ್ಲ."

ಅವಳು ಸಿದ್ಧಳಾಗಿದ್ದಳು. ಇದನ್ನು ನಾನು ಒತ್ತಿ ಬರೆಯಬೇಕು. ಹೆದರಿದವಳು ಅವಳಲ್ಲ. ನನ್ನ ಮದುವೆಯ ಮಾತು ಆಗಿತ್ತು. ಕೂಕಟ್‌ಪಲ್ಲಿಯಲ್ಲಿ ನೆಲೆಸಿದ ಹುಬ್ಬಳ್ಳಿ ಕಡೆಯ ಮನೆ. ಆ ಹುಡುಗನನ್ನು ನಾನು ಇಷ್ಟಪಟ್ಟಿದ್ದೆ. ಅವನ ತಂದೆತಾಯಿ ಹತ್ತನೆಯ ದಿನ ಬರುವವರಿದ್ದರು.

"ಹತ್ತು ದಿನ ಮುಗೀಲಿ ಅಕ್ಕಾ" ಎಂದೆ. "ಅವರೆಲ್ಲಾ ಬಂದ್ ಹೋಗ್ಲಿ. ನಿನ್ನ ಕಾಲ್ ಬೀಳ್ತೀನಿ."

ಅವಳು ಬಟ್ಟೆಯ ಹಗ್ಗವನ್ನು ಹಿಡಿದುಕೊಂಡಳು. "ಆತು" ಎಂದಳು. "ಆದರ ಅಲ್ಲೀತನ ಕೇಳಿದವರಿಗೆ ಏನ್ ಹೇಳ್ತಿ, ನೀನೇ ನೋಡ್ಕೋ."

ಕೆಳಗೆ ಇಳಿದಾಗ ಪಕ್ಕದ ಮನೆಯ ತೆಲುಗು ಆಂಟಿ ಬಂದು ಕೂತಿದ್ದರು. ಕಾಕಾ ಅವರನ್ನೇ ಕೇಳುತ್ತಿದ್ದರು, ಹುಡುಗನಿಗೆ ಹೀಗ್ಯಾಕೆ ಆಗಿದೆ ಎಂದು. ಆಂಟಿ ಅಕ್ಕನ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿ, "ಪೇನುಕೊರುಕುಡು ಏಮೋ" ಎಂದರು. ಹೇನು ಕಡಿದಂತೆ ಅಲ್ಲಲ್ಲಿ ಕೂದಲು ಉದುರುವ ರೋಗಕ್ಕೆ ಇಲ್ಲಿಯವರು ಹಾಗೆನ್ನುತ್ತಾರೆ. ಕಾಕಾ ನನ್ನ ಕಡೆ ತಿರುಗಿದರು. "ಹೌದೇನವಾ? ನಿನಗ ಗೊತ್ತಿತ್ತೇನು?"

"ಹೌದ್ರಿ ಕಾಕಾ" ಎಂದೆ. "ರೋಗರಿ ಅದು. ಭಾಳ ದಿನ ಆತು."

ಎಷ್ಟು ಸುಲಭವಾಗಿ ಬಂತು! ನನ್ನ ಅಕ್ಕ ಒಂದು ರೋಗವಾದಳು — ನನ್ನ ಬಾಯಿಂದ, ಅವಳೆದುರಿಗೇ. ಅವಳು ಚಾಪೆಯ ಮೇಲೆ ತಲೆ ತಗ್ಗಿಸಿ ಕೂತಿದ್ದಳು. ನಾನು ಅಂದುಕೊಂಡೆ, ಮುಗಿಯಿತು, ಇನ್ನು ಯಾರೂ ಕೇಳುವುದಿಲ್ಲ.

ಆದರೆ ರೋಗವೆಂದ ಮೇಲೆ ನಮ್ಮಂಥ ಮನೆಗಳಲ್ಲಿ ಯಾರಾದರೂ ಸುಮ್ಮನೆ ಕೂರುತ್ತಾರೆಯೇ? ಕಾಕಾ ಕೆಟ್ಟವರಲ್ಲ. ಅಣ್ಣನನ್ನು ಕಳೆದುಕೊಂಡ ದುಃಖದಲ್ಲಿ ಅಣ್ಣನ ಮಗನಿಗೆ ಏನಾದರೂ ಮಾಡಬೇಕೆಂಬ ತಳಮಳ ಅವರಿಗಿತ್ತು. ಮರುದಿನವೇ ಹಳೆಯ ಪೇಟೆಗೆ ಹೋಗಿ ಗಿಡಮೂಲಿಕೆಯ ಅಂಗಡಿಯಿಂದ ಗುಲಗಂಜಿ ತಂದರು. ಅದನ್ನು ನೆನೆಹಾಕಿ, ಸಿಪ್ಪೆ ಬಿಡಿಸಿ, ಹಸಿ ಬೆಳ್ಳುಳ್ಳಿಯ ಜೊತೆ ಅರೆಯಬೇಕು. ಒರಟು ಬಟ್ಟೆಯಿಂದ ಚರ್ಮ ಕೆಂಪಾಗುವ ತನಕ ತಿಕ್ಕಿ, ಮೇಲೆ ಅದನ್ನು ಹಚ್ಚಬೇಕು. ಆಗ ಕೂದಲು ಏಳುತ್ತದೆ.

"ಸೂತಕದಾಗ ಇದೆಲ್ಲಾ ಯಾಕಪ್ಪಾ" ಎಂದರು ಅವ್ವ.

"ಔಷಧಕ್ಕ ಎಂಥಾ ಸೂತಕ ವೈನಿ? ಹತ್ತನೇ ದಿನ ನಾಕ್ ಕೂದಲರ ಕಾಣ್ಲಿ ಮುಖದಾಗ. ಬೀಗರು ಬರೋರ್ ಅದಾರ. ಹೆಣ್ಣಿನ ಅಣ್ಣಗ ರೋಗ ಅಂದ್ರ ಏನ್ ತಿಳ್ಕೊಂತಾರ?"

ಅರೆಯಲು ಕೂತವಳು ನಾನು. ಮನೆಯಲ್ಲಿ ಬೇರೆ ಹೆಂಗಸರಿದ್ದರು. ಆದರೂ ನಾನೇ ಒರಳನ್ನು ಎಳೆದುಕೊಂಡೆ. ಸ್ವಲ್ಪ ನೀರು ಹೆಚ್ಚು ಹಾಕಿ ತೆಳ್ಳಗೆ ಮಾಡಬಹುದು ಎಂಬ ಲೆಕ್ಕ ಇತ್ತು, ಮೊದಲ ದಿನ. ಕಾಕಾ ಬೆರಳಲ್ಲಿ ಮುಟ್ಟಿ ನೋಡಿ, "ಇದೇನವಾ, ಸಾರು ಮಾಡಿಯೇನು?" ಎಂದು ಇನ್ನೊಂದು ಹಿಡಿ ಬೆಳ್ಳುಳ್ಳಿ ಸುರಿದರು. ನಾನು ಮತ್ತೆ ಅರೆದೆ.

ಕಾಕಾನೇ ತಿಕ್ಕಿದರು. ಅಕ್ಕ ಪಂಚೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ಲೇಸರಾಗಿ ಇನ್ನೂ ಹೆಚ್ಚು ದಿನವಾಗದ ಚರ್ಮ ಅದು. ಬೇಡವೆಂದರೆ ಯಾಕೆ ಬೇಡ ಎಂದು ಹೇಳಬೇಕಾಗುತ್ತಿತ್ತು; ಹೇಳಬೇಡವೆಂದು ನಾನು ಕಾಲು ಹಿಡಿದಿದ್ದೆ. ಹಚ್ಚಿದ್ದನ್ನು ಒಣಗುವವರೆಗೆ ತೊಳೆಯುವ ಹಾಗಿರಲಿಲ್ಲ. ಮನೆಯೆಲ್ಲ ಬೆಳ್ಳುಳ್ಳಿಯ ವಾಸನೆ. ಕರ್ಮಕ್ಕೆ ಬಂದ ಆಚಾರ್ಯರು ಮೂಗು ಸೊಟ್ಟ ಮಾಡಿಕೊಂಡೇ ಮಂತ್ರ ಹೇಳಿಸಿದರು.

ಐದನೆಯ ದಿನದ ಹೊತ್ತಿಗೆ ಗದ್ದದ ಬಲಗಡೆ ಗುಳ್ಳೆಗಳು ಎದ್ದಿದ್ದವು, ಒಳಗೆ ನೀರು ತುಂಬಿದಂಥವು. ಕಾಕಾಗೆ ಅದು ಶುಭಸೂಚನೆ. "ಔಷಧ ಹಿಡದೈತಿ ನೋಡ್ರಿ, ಬೇರು ಬಡದೇಳಾಕತ್ತಾವು" ಎಂದರು. ಅಕ್ಕ ನನ್ನನ್ನು ಅಡುಗೆಮನೆಯ ಹಿಂದಕ್ಕೆ ಕರೆದಳು. ಕರ್ಮಕ್ಕೆ ಕೂತವರು ಫೋನು ಹಿಡಿಯಬಾರದೆಂದು ಅವಳ ಫೋನನ್ನು ಕಾಕಾ ನನ್ನ ಕೈಗೆ ಕೊಟ್ಟಿದ್ದರು.

"ಒಂದ್ ಫೋಟೋ ತಗದು ನಸ್ರೀನ್‌ಗ ಕಳಸು. ಆಕಿ ಏನ್ ಅಂತಾಳ ಹಂಗ ಮಾಡೂಣು. ಇದು ಮಾಮೂಲಿ ಉರಿ ಅಲ್ಲ ಸುಧೀ."

ಫೋಟೋ ತೆಗೆದೆ. ಏನು ಹಚ್ಚುತ್ತಿದ್ದೇವೆಂದು ಬರೆದು ಕಳಿಸಿದೆ. ಇಲ್ಲಿಯವರೆಗೆ ಹೇಳಿದ್ದರಲ್ಲಿ ನನ್ನ ತಪ್ಪಿಗೆ ಹೆದರಿಕೆ ಎಂದು ಹೆಸರಿಡಬಹುದು. ಮುಂದಿನದಕ್ಕೆ ಆ ಹೆಸರು ಸಾಲುವುದಿಲ್ಲ.

ಆರನೆಯ ದಿನ ಬೆಳಿಗ್ಗೆ, ಎಲ್ಲರೂ ಕರ್ಮದ ಸಿದ್ಧತೆಯಲ್ಲಿದ್ದಾಗ, ಫೋನು ಬಂತು. ನಾನು ಮಾಳಿಗೆಯ ಮೆಟ್ಟಿಲ ಮೇಲೆ ನಿಂತು ಎತ್ತಿಕೊಂಡೆ.

"ಕ್ಯಾ ಲಗಾರೇ ಉನೋಂಕು?" ನಸ್ರೀನ್ ಹೆಚ್ಚುಕಡಿಮೆ ಕೂಗುತ್ತಿದ್ದಳು. "ಅಭೀಚ್ ಧೋ ಡಾಲೋ. ಆಜಿಚ್ ಲೇಕೇ ಆವೋ, ಮೈಂ ಡಾಕ್ಟರ್ ಕೋ ಬೋಲ್ಕೇ ರಖ್ತೀ. ನೈ ತೋ ದಾಗ್ ರಹ ಜಾತಾ, ಫಿರ್ ಕೋಯಿ ಕುಚ್ ನೈ ಕರ್ ಸಕ್ತಾ."

ಅವರಿಗೆ ಏನು ಹಚ್ಚುತ್ತಿದ್ದೀರಿ, ಈಗಲೇ ತೊಳೆಯಿರಿ, ಇವತ್ತೇ ಕರೆದುಕೊಂಡು ಬನ್ನಿ, ಡಾಕ್ಟರಿಗೆ ಹೇಳಿಟ್ಟಿರುತ್ತೇನೆ, ಇಲ್ಲದಿದ್ದರೆ ಕಲೆ ಉಳಿದುಬಿಡುತ್ತದೆ, ಆಮೇಲೆ ಯಾರಿಂದಲೂ ಏನೂ ಆಗುವುದಿಲ್ಲ. ನನಗೆ ಅರ್ಥವಾಗಲಿಲ್ಲವೆಂದುಕೊಂಡು ಅವಳು ಮತ್ತೊಮ್ಮೆ ಹೇಳಿದಳು, ನಿಧಾನವಾಗಿ. "ಸಮಝೇ ನಾ ಸುಧಾ?"

ಸಮಝೀ, ಎಂದೆ.

ಕರ್ಮಕ್ಕೆ ಕೂತ ಮಗನನ್ನು ಸೂತಕದ ನಡುವೆ ಮನೆಯಿಂದ ಹೊರಗೆ ಕರೆದೊಯ್ಯಬೇಕಾದರೆ ಕಾರಣ ಹೇಳಬೇಕು. ಕ್ಲಿನಿಕ್ಕಿಗೆ ಎಂದರೆ ಕಾಕಾ ಜೊತೆಗೇ ಬರುತ್ತಾರೆ. ಬಂದರೆ ಅಲ್ಲಿ ನಸ್ರೀನ್ "ಶಾಲಿನಿ ಆಪಾ" ಎಂದು ಬಾಗಿಲು ತೆರೆಯುತ್ತಾಳೆ. ನಾನು ಇಷ್ಟನ್ನೂ ಒಂದರ ಕೆಳಗೊಂದು ಜೋಡಿಸಿಕೊಂಡೆ, ಕೆಲಸದಲ್ಲಿ ಜೋಡಿಸುವಂತೆ. ಅಕ್ಕನ ಮುಖ ಆ ಜೋಡಣೆಯಲ್ಲಿ ಎಲ್ಲೂ ಬರಲಿಲ್ಲ.

ಕೆಳಗೆ ಬಂದೆ. ಅಕ್ಕ ಬಚ್ಚಲಿನ ಬಾಗಿಲಲ್ಲಿ ಕಾಯುತ್ತಿದ್ದಳು. ಕಣ್ಣಲ್ಲೇ ಕೇಳಿದಳು.

"ಏನೂ ಆಗಂಗಿಲ್ಲ ಅಂದ್ಲು" ಎಂದೆ. "ಸ್ವಲ್ಪ ಉರೀತೈತಿ, ಹತ್ತನೇ ದಿನ ಆದ ಮ್ಯಾಲ ಬರ್ರಿ ಅಂದ್ಲು."

ಅವಳು ಉಸಿರು ಬಿಟ್ಟಳು. "ಆಕಿ ಅಂದ್ರ ಸರಿ ಬಿಡು" ಎಂದಳು. ನಸ್ರೀನ್ ಮೇಲೆ ಅವಳಿಗೆ ಅಷ್ಟು ನಂಬಿಕೆ. ಆ ನಂಬಿಕೆಯನ್ನೇ ನಾನು ಬಳಸಿಕೊಂಡೆ. ಆಮೇಲೆ ಅಡುಗೆಮನೆಗೆ ಹೋಗಿ ಅವತ್ತಿನ ಗುಲಗಂಜಿ ಅರೆದೆ. ನಸ್ರೀನ್ ಆ ದಿನ ಮತ್ತೆ ಮತ್ತೆ ಫೋನು ಮಾಡಿದಳು. ನಾನು ಫೋನನ್ನು ಆರಿಸಿ ಅಕ್ಕಿಯ ಡಬ್ಬಿಯ ಹಿಂದೆ ಇಟ್ಟೆ.

ಏಳು, ಎಂಟು, ಒಂಬತ್ತು. ಗುಳ್ಳೆ ಒಡೆದಿತ್ತು. ಅದರ ಮೇಲೆ ಹಚ್ಚುತ್ತಿದ್ದೆವು. ಅಕ್ಕ ಊಟ ಬಿಟ್ಟಳು, ಬಾಯಿ ತೆರೆಯಲಾಗುತ್ತಿರಲಿಲ್ಲ. ನೆಂಟರು ಅದನ್ನು ಅಪ್ಪನ ದುಃಖವೆಂದುಕೊಂಡರು. "ಎಂಥಾ ಮಗ ನೋಡ್ರಿ" ಎಂದು ಅತ್ತಿ ಕಣ್ಣೊರೆಸಿಕೊಂಡರು. ಒಂಬತ್ತನೆಯ ದಿನ ಸಂಜೆ ಅಕ್ಕನ ಮೈ ಸುಡುತ್ತಿತ್ತು. ಆಗಲಾದರೂ — ಇಲ್ಲ. ಆಗಲೂ ಹೇಳಲಿಲ್ಲ.

ಹತ್ತನೆಯ ದಿನ ಹೆಂಗಸರು ಕರ್ಮದ ಕಟ್ಟೆಗೆ ಹೋಗಲಿಲ್ಲ. ಅಲ್ಲಿ ನಡೆದದ್ದನ್ನು ಕಾಕಾ ಆಮೇಲೆ ಹೇಳಿದರು. ವರ್ಷಗಟ್ಟಲೆ ಬೆಳೆಸಿ, ಆಫೀಸಿಗೆ ಹಿಂದೆ ಕಟ್ಟಿಕೊಂಡು ಹೋಗುತ್ತಿದ್ದ ತಲೆಗೂದಲನ್ನು ಅಕ್ಕ ತಾನಾಗಿ ಮುಂದೆ ಬಾಗಿ ಕೊಟ್ಟಳಂತೆ. ಮುಖಕ್ಕೆ ಬಂದಾಗ ಕ್ಷೌರದವನು ಕತ್ತಿ ಕೆಳಗಿಟ್ಟು ಆಗುವುದಿಲ್ಲವೆಂದನಂತೆ. "ಶಾಸ್ತ್ರಕ್ಕ ಒಂದ್ ಸಲ ಮುಟ್ಟಸಪ್ಪಾ" ಎಂದು ಕಾಕಾ ಬೇಡಿಕೊಂಡರಂತೆ. ಅವನು ಮುಟ್ಟಿಸಿದ. ಮನೆಗೆ ಬಂದಾಗ ಅಕ್ಕನ ಬೋಳುತಲೆ, ಮುಖಕ್ಕೆ ಒತ್ತಿ ಹಿಡಿದ ಒದ್ದೆ ಟವೆಲು. ಹಿರಿಯರ ನಡುವೆ ಕೂತಿದ್ದ ನನ್ನ ಮುಂದಿನ ಅತ್ತೆ ನನ್ನನ್ನು ಮೆಲ್ಲಗೆ ಕೇಳಿದರು, "ಏನಾಗೇದವಾ ನಿಮ್ಮ ಅಣ್ಣಗ?"

"ಕೂದಲದ ರೋಗರಿ. ಕಮ್ಮಿ ಆಗಾಕತ್ತೈತಿ" ಎಂದೆ. ಅವರ ಕೈಗೆ ನೀರಿನ ಲೋಟ ಕೊಟ್ಟೆ.

ಜ್ವರ ನೆತ್ತಿಗೇರಿ ಅಕ್ಕನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಕೀವು ಆಳಕ್ಕೆ ಇಳಿದಿತ್ತು. ಗಾಯ ಮಾಗಿ ಗಂಟುಗಂಟಾದ ಕಲೆ ಉಳಿಯಿತು. ಸತ್ತಿರದ ಕೆಲವು ಕೂದಲು ಅದರಡಿಯಲ್ಲಿ ಬಾಗಿ ಒಳಗೊಳಗೇ ಬೆಳೆದವು, ಆಗಾಗ ಊದಿ ನೋಯುತ್ತವೆ. ಅಂಥ ಕಲೆಯ ಮೇಲೆ ಲೇಸರ್ ಹಿಡಿಯಲಾಗದು ಎಂದು ನೋಡಿದವರೆಲ್ಲ ಹೇಳಿದರು. ಇಡೀ ಮುಖ ಅವಳದಾಗುತ್ತ ಬಂದಿತ್ತು. ಆ ಒಂದು ಜಾಗದಲ್ಲಿ ಗಡ್ಡ ಉಳಿದುಕೊಂಡಿತು.

ಅವಳು ಮತ್ತೆಂದೂ ಮಾದಾಪುರದ ಆ ಕ್ಲಿನಿಕ್ಕಿಗೆ ಹೋಗಲಿಲ್ಲ. "ಏನೂ ಆಗಂಗಿಲ್ಲ ಅಂದ್ಲಲ್ಲ ಆ ಹುಡುಗಿ" ಎಂದು ಅಲ್ಲಿಯ ಮಾಲೀಕರಿಗೆ ದೂರು ಬರೆದಳು. ಸ್ವಲ್ಪ ದಿನಕ್ಕೆ ನಸ್ರೀನ್ ಅಲ್ಲಿಲ್ಲವೆಂದು ತಿಳಿಯಿತು. ತಾನಾಗಿ ಬಿಟ್ಟಳೋ, ಬಿಡಿಸಿದರೋ ನಾನು ವಿಚಾರಿಸಲಿಲ್ಲ. ಶಾಲಿನಿ ಎಂದು ಮೊದಲು ಕರೆದ ಬಾಯಿ ಅದು. ಅದನ್ನೇ ಅಕ್ಕ ದ್ವೇಷಿಸುವಂತೆ ಮಾಡಿದೆ.

ನನ್ನ ಮದುವೆಯಾಯಿತು. ಎರಡು ವರ್ಷದ ಮೇಲೆ ಅಕ್ಕ ಅವ್ವನಿಗೆ ಎಲ್ಲ ಹೇಳಿದಳು. ಅವ್ವ ಒಂದು ವಾರ ಮಾತಾಡಲಿಲ್ಲ, ಆಮೇಲೆ ತಮ್ಮ ಹಸಿರು ಇಳಕಲ್ ಸೀರೆಯನ್ನು ಅವಳಿಗೆ ತೆಗೆದುಕೊಟ್ಟರು. ನನ್ನ ಗಂಡನಿಗೆ ತಿಳಿದಾಗ ಅವನು ಕೇಳಿದ್ದು ಇಷ್ಟೇ: "ಅವತ್ತೇ ಹೇಳಿದ್ರ ಏನಾಗ್ತಿತ್ತು?" ಕಾಕಾ ಸಿಂಧನೂರಿನಿಂದ ಬಂದು ಅಕ್ಕನ ಗದ್ದ ಹಿಡಿದು, "ನನ್ನ ಕೈಲೇ ಆತಲ್ಲವಾ ಇದು" ಎಂದು ಮಗುವಿನಂತೆ ಅತ್ತರು. ನಾನು ಅವರಿಗೆ ಚಹಾ ಮಾಡಿಕೊಟ್ಟೆ. ನನ್ನ ಪಾಲಿನದನ್ನು ಒಂದಿಷ್ಟು ನಸ್ರೀನ್ ಹೊತ್ತಳು, ಒಂದಿಷ್ಟು ಕಾಕಾ ಹೊತ್ತರು.

ಹೋದ ತಿಂಗಳು ಅಕ್ಕ ಕೊಂಡಾಪುರದಲ್ಲಿ ಹೊಸ ಡಾಕ್ಟರರನ್ನು ಕಂಡಳು. ಕಲೆಯಡಿಯ ಕೂದಲನ್ನು ಒಂದೊಂದಾಗಿ ಸೂಜಿಯಿಂದ, ವಿದ್ಯುತ್ತಿನಲ್ಲಿ ಸುಡುವ ಕ್ರಮವಿದೆಯಂತೆ. ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಕಲೆ ಹೇಗಾಯಿತೆಂದು ಡಾಕ್ಟರ್ ಕೇಳಿದರು. "ಹಳೇ ಕ್ಲಿನಿಕ್ಕಿನವರು ಏನೂ ಆಗುವುದಿಲ್ಲ ಎಂದರು, ನಂಬಿದೆ" ಎಂದು ಅಕ್ಕ ತೆಲುಗಿನಲ್ಲಿ ಹೇಳಿದಳು. ಡಾಕ್ಟರ್ ಅಸಹ್ಯದಿಂದ ತಲೆಯಾಡಿಸಿದರು. ನಾನು ಪಕ್ಕದಲ್ಲಿದ್ದೆ. ಆ ದಿನವೂ ಸುಮ್ಮನಿದ್ದೆ.

ಮುಂದಿನ ಸಲ, ಒಳಗೆ ಕರೆಯುವ ಮೊದಲು, ಹೊರಗಿನ ಬೆಂಚಿನ ಮೇಲೆ ಹೇಳಿದೆ. ಫೋನು ಬಂದದ್ದು, ನಸ್ರೀನ್ ಹೇಳಿದ್ದು, ನಾನು ಹೇಳಿದ್ದು. ಅಕ್ಕ ಎದುರಿನ ಗೋಡೆಯನ್ನು ನೋಡುತ್ತ ಕೇಳಿದಳು. ಮುಗಿದ ಮೇಲೆ ಒಂದೇ ಪ್ರಶ್ನೆ:

"ಅವತ್ತಿಂದು ಹಚ್ಚೋಕಿಂತ ಮೊದಲ ಬಂದಿತ್ತೋ ಫೋನು, ಆಮ್ಯಾಲ?"

"ಮೊದಲ" ಎಂದೆ.

ಅವಳ ಕೈ ಗದ್ದದ ಮೇಲಕ್ಕೆ ಹೋಯಿತು. ನನಗಲ್ಲ, ತನಗೇ ಎಂಬಂತೆ ಹೇಳಿಕೊಂಡಳು: "ಹಂಗಾರ ಆಕಿ ಹೇಳಿದ್ಲು. ನಸ್ರೀನ್ ಹೇಳಿದ್ಲು."

ಒಳಗಿನಿಂದ ಅವಳ ಹೆಸರು ಕರೆದರು. ನಾನೂ ಎದ್ದೆ. "ನೀ ಬ್ಯಾಡ" ಎಂದಳು. "ಡಾಕ್ಟರಿಗೆ ನಾನೇ ಹೇಳ್ತೀನಿ, ಅವತ್ತು ನಾ ಹೇಳಿದ್ದೆಲ್ಲಾ ಸುಳ್ಳು ಅಂತ." ಬಾಗಿಲು ಮುಚ್ಚಿತು. ಅಂದಿನಿಂದ ಅವಳು ನನ್ನನ್ನು ಜೊತೆಗೆ ಕರೆದಿಲ್ಲ. ಕರೆಯಬೇಕೆಂದು ನಾನೂ ಕೇಳಿಲ್ಲ.

ನಾಳೆ ಬೆಳಗಿನ ಬಸ್ಸಿಗೆ ಸಿಂಧನೂರಿಗೆ ಹೊರಟಿದ್ದೇನೆ. ಕಾಕಾಗೆ ಇದನ್ನು ಫೋನಿನಲ್ಲಿ ಹೇಳಲಾಗದು. ನಸ್ರೀನ್ ಎಲ್ಲಿದ್ದಾಳೆಂದು ಮಾತ್ರ ಇನ್ನೂ ತಿಳಿದಿಲ್ಲ. ಕ್ಲಿನಿಕ್ಕು ಇದ್ದ ಕಡೆ ಈಗ ಬೇರೆ ಅಂಗಡಿಯಿದೆ. ಅಕ್ಕಪಕ್ಕದವರನ್ನು ಕೇಳುತ್ತಿದ್ದೇನೆ.